ಕಿಬ್ಬೊಟ್ಟೆ ನೋವಿಗೆ ಮಾತ್ರೆ, ಆಪರೇಷನ್ ಎರಡೇ ದಾರಿಯಲ್ಲ: ಮಹಿಳೆಯರ ಗುಂಪು ಕಾರ್ಯಕ್ರಮ ಎಂದರೇನು, ನಮ್ಮ ತಾಲ್ಲೂಕುಗಳಲ್ಲಿ ಹೇಗೆ ನಡೆಸಬಹುದು?

ಹುಣಸೂರು: ಮೆಡಿಕಲ್ ಸ್ಟೋರ್ ಇಟ್ಟುಕೊಂಡವರಿಗೆಲ್ಲ ಈ ಗಿರಾಕಿ ಗೊತ್ತು. "ಅಣ್ಣ, ಹೊಟ್ಟೆನೋವಿಗೆ ಮಾತ್ರೆ ಕೊಡಿ" ಅಂತಾರೆ. ಯಾವ ಹೊಟ್ಟೆನೋವು ಅಂತ ಅವರೂ ಹೇಳಲ್ಲ, ಅಂಗಡಿಯವರೂ ಕೇಳಲ್ಲ. ನಾಲ್ಕು ಮಾತ್ರೆ ಕತ್ತರಿಸಿ ಕವರಿಗೆ ಹಾಕಿ ಕೊಟ್ಟರೆ ಪರ್ಸಿಗೆ ತುರುಕಿಕೊಂಡು ಹೋಗ್ತಾರೆ. ಮುಂದಿನ ತಿಂಗಳು ಮತ್ತೆ ಬರ್ತಾರೆ, ಕೆಲವರು ಮುಂದಿನ ವಾರವೇ ಬರ್ತಾರೆ. ಹೀಗೇ ನಾಲ್ಕೈದು ವರ್ಷ ಕಳೆದ ಮೇಲೆ ಒಂದು ದಿನ "ಅವರಿಗೆ ಗರ್ಭಕೋಶ ತೆಗೆದರಂತೆ" ಅನ್ನೋ ಸುದ್ದಿ ಬರುತ್ತೆ.

ಮಾತ್ರೆಗೂ ಆಪರೇಷನ್ನಿಗೂ ನಡುವೆ ಇನ್ನೊಂದು ದಾರಿ ಇದೆ. ಇದೇ ಬಗೆಯ ನೋವಿರುವ ಎಂಟು ಹತ್ತು ಹೆಂಗಸರು ವಾರಕ್ಕೊಮ್ಮೆ ಒಂದು ಕಡೆ ಸೇರಿ, ತಿಳಿದವರೊಬ್ಬರ ಜೊತೆ ಕೂತು, ನೋವಿನ ಬಗ್ಗೆ ಕಲಿತು, ವ್ಯಾಯಾಮ ಮಾಡಿ, ಮಾತಾಡಿ ಹೋಗುವುದು. ಬೇರೆ ದೇಶಗಳಲ್ಲಿ ಇದು ಆಸ್ಪತ್ರೆಯ ಚಿಕಿತ್ಸೆಯ ಭಾಗವೇ ಆಗಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲ್ಲೂಕುಗಳಲ್ಲಿ ಇದಕ್ಕೆ ಬೇಕಾದ ಸಾಮಾನು ಸರಂಜಾಮು ಹೆಚ್ಚುಕಡಿಮೆ ಈಗಾಗಲೇ ಇದೆ. ಅದನ್ನು ಒಂದು ಕಡೆ ಜೋಡಿಸಬೇಕಷ್ಟೆ.

ಯಾವುದು ದೀರ್ಘಕಾಲದ ಕಿಬ್ಬೊಟ್ಟೆ ನೋವು?

ಹೊಕ್ಕುಳಿನ ಕೆಳಗೆ, ಸೊಂಟದ ಮೂಳೆಗಳ ನಡುವೆ ಬರುವ ನೋವು ಆರು ತಿಂಗಳು ದಾಟಿದರೆ ವೈದ್ಯರು ಅದನ್ನು ದೀರ್ಘಕಾಲದ ನೋವು ಎಂದು ಕರೆಯುತ್ತಾರೆ. ಮೂರು ತಿಂಗಳಿಗೇ ಹಾಗೆ ಎಣಿಸುವವರೂ ಇದ್ದಾರೆ. ಮುಟ್ಟಿನ ದಿನಗಳಲ್ಲಿ ಮಾತ್ರ ಬರಬೇಕೆಂದಿಲ್ಲ. ಕೂತಾಗ, ಬಗ್ಗಿದಾಗ, ಮೂತ್ರ ಮಾಡುವಾಗ, ಗಂಡನ ಜೊತೆ ಸೇರಿದಾಗಲೂ ಬರಬಹುದು. ನಮ್ಮ ಕಡೆ ಹೆಂಗಸರು ಇದನ್ನು ನೇರವಾಗಿ ಹೇಳುವುದು ಕಡಿಮೆ. "ಸೊಂಟ ನೋವು", "ಸುಸ್ತು", "ಬಿಳಿ ಹೋಗುತ್ತೆ", "ಹೊಟ್ಟೆ ಹಿಡ್ಕೊಳ್ಳುತ್ತೆ" ಅಂತ ಸುತ್ತಿ ಬಳಸಿ ಹೇಳ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ ಬರೀ "ಸೊಂಟ ನೋವು" ಎಂದು ದಾಖಲಾಗಿ, ಅದಕ್ಕೊಂದು ಮುಲಾಮು ಸಿಗುವುದು ಹೀಗೆಯೇ.

ಕಾರಣ ಒಂದೇ ಅಲ್ಲ. ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಒಂದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ 10 ಮಂದಿಗೆ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ ಇದಿದೆ. ಅಂಥದೇ ಅಂಗಾಂಶ ಗರ್ಭಕೋಶದ ಗೋಡೆಯೊಳಗೇ ಬೆಳೆದರೆ ಅಡಿನೋಮಯೋಸಿಸ್. ಹಳೆಯ ಸೋಂಕು, ನಮ್ಮ ದೇಶದಲ್ಲಿ ಮರೆಯಬಾರದ ಜನನಾಂಗದ ಕ್ಷಯ, ಮೂತ್ರಚೀಲದ ನೋವು, ಕರುಳಿನ ತೊಂದರೆ, ಮಲಬದ್ಧತೆ, ಸಿಸೇರಿಯನ್ ಗಾಯದ ಜಾಗದಲ್ಲಿ ಸಿಕ್ಕಿಕೊಂಡ ನರ, ಇವೂ ಪಟ್ಟಿಯಲ್ಲಿವೆ. ಇನ್ನೊಂದನ್ನು ಬಹಳ ಸಲ ಯಾರೂ ನೋಡುವುದೇ ಇಲ್ಲ: ಗರ್ಭಕೋಶ, ಮೂತ್ರಚೀಲ, ಕರುಳನ್ನು ಕೆಳಗಿನಿಂದ ಜೋಳಿಗೆಯ ಹಾಗೆ ಹೊತ್ತಿರುವ ಸ್ನಾಯುಗಳು ಬಿಗಿಯಾಗಿ ಗಂಟು ಕಟ್ಟಿಕೊಂಡಿರುವುದು. ಒಬ್ಬರಿಗೇ ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಇರುವುದೂ ಉಂಟು.

"ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ ಅಂದ್ರು, ಹಂಗಾದ್ರೆ ನೋವು ಎಲ್ಲಿಂದ ಬತ್ತದೆ?" ಇದು ಬಹಳ ಹೆಂಗಸರ ಪ್ರಶ್ನೆ. ಎಂಡೊಮೆಟ್ರಿಯೋಸಿಸ್‌ನ ಸಣ್ಣ ಮಚ್ಚೆಗಳು ಮಾಮೂಲಿ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಸ್ನಾಯು ಬಿಗಿತವೂ ಕಾಣುವುದಿಲ್ಲ. ಸ್ಕ್ಯಾನ್ ರಿಪೋರ್ಟ್ ಸರಿ ಇದೆ ಎಂದರೆ ನೋವು ಸುಳ್ಳು ಎಂದಲ್ಲ. ಮನೆಯವರು ಇದನ್ನು ಮೊದಲು ತಿಳಿದುಕೊಂಡರೆ ಅರ್ಧ ಜಗಳ ಕಡಿಮೆಯಾದೀತು.

ಆನೆ ಬಂದು ಹೋದ ಹೊಲದ ನಾಯಿ

ನೋವು ವರ್ಷಗಟ್ಟಲೆ ಇದ್ದರೆ ನರಗಳ ಕೆಲಸವೇ ಬದಲಾಗುತ್ತದೆ. ಕಾಡಂಚಿನ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ನಾಗರಹೊಳೆ ಕಡೆಯಿಂದ ಒಂದು ರಾತ್ರಿ ಆನೆ ಹೊಲಕ್ಕೆ ನುಗ್ಗಿ ಹೋಯಿತು ಅಂದುಕೊಳ್ಳಿ. ಮಾರನೇ ರಾತ್ರಿಯಿಂದ ಕಾವಲು ನಾಯಿ ಎಲೆ ಅಲ್ಲಾಡಿದರೂ ಬೊಗಳುತ್ತೆ. ನಾಯಿ ಸುಳ್ಳು ಬೊಗಳುತ್ತಿಲ್ಲ, ಅದು ಕಲಿತ ಪಾಠವೇ ಅದು. ದೇಹದ ನರಗಳೂ ಹಾಗೆಯೇ. ಮೂಲ ಗಾಯ ಮಾಗಿದ ಮೇಲೂ, ಅಥವಾ ಸಣ್ಣದಾಗಿ ಉಳಿದಿರುವಾಗಲೂ, ಮೂತ್ರಚೀಲ ತುಂಬಿದ್ದು, ಕರುಳು ಅಲ್ಲಾಡಿದ್ದು ಎಲ್ಲವೂ ನೋವಾಗಿಯೇ ತಲುಪುತ್ತದೆ. ನಿದ್ದೆಗೆಟ್ಟರೆ, ಭಯ, ದುಃಖ, ಮನೆಯ ಒತ್ತಡ ಸೇರಿದರೆ ಬೊಗಳು ಇನ್ನೂ ಜೋರಾಗುತ್ತದೆ.

ಗುಂಪು ಕಾರ್ಯಕ್ರಮದ ಮೊದಲ ದಿನ ಹೇಳಿಕೊಡುವುದು ಇದನ್ನೇ. ಮಾತ್ರೆ ಯಾಕೆ ಒಂದು ಹಂತದ ಮೇಲೆ ಕೆಲಸ ಮಾಡುವುದಿಲ್ಲ, ವ್ಯಾಯಾಮ ಮತ್ತು ಉಸಿರಾಟ ಯಾಕೆ ಕೆಲಸ ಮಾಡಬಹುದು ಎಂಬುದು ಇದು ಗೊತ್ತಾದ ಮೇಲೆಯೇ ಅರ್ಥವಾಗುವುದು.

ಮನಸ್ಸಿಗೂ ಈ ನೋವಿಗೂ ನಂಟಿದೆ ಎಂಬ ಮಾತನ್ನು ಜೋಪಾನವಾಗಿ ಆಡಬೇಕು. ಗೋವಾದಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಜೊತೆಗಾರರು 2000ದ ದಶಕದ ಮೊದಲ ವರ್ಷಗಳಲ್ಲಿ ಸುಮಾರು 2,500 ಹೆಂಗಸರ ಅಧ್ಯಯನ ನಡೆಸಿದರು. ಬಿಳಿ ಹೋಗುತ್ತದೆ ಎಂಬ ದೂರಿಗೆ ಸೋಂಕಿಗಿಂತ ಖಿನ್ನತೆ, ಮನೆಯ ಕಷ್ಟಗಳ ಜೊತೆಗೇ ಹೆಚ್ಚು ನಂಟು ಕಂಡಿತು. ಹಾಗೆಂದು ಇದು ಭ್ರಮೆ ಎಂದು ತಳ್ಳಿಹಾಕುವಂತಿಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತು ಡಾ. ಅಭಯ್ ಬಂಗ್ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ವರದಿ ಪ್ರಕಟಿಸಿದರು. ಅದರಲ್ಲಿ ಶೇ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗ ಇತ್ತು. ಅವರಲ್ಲಿ ಹೆಚ್ಚಿನವರು ಅದಕ್ಕೆಂದು ಡಾಕ್ಟರ ಮುಂದೆ ಕೂತವರೇ ಅಲ್ಲ. ದೇಹದ ಪರೀಕ್ಷೆಯೂ ಬೇಕು, ಮಾತೂ ಬೇಕು.

ಗುಂಪಿನಲ್ಲಿ ಏನು ನಡೆಯುತ್ತದೆ?

ಗುಂಪು ಎಂದರೆ ಭಾಷಣ ಕಾರ್ಯಕ್ರಮ ಅಲ್ಲ. ನೂರು ಜನರನ್ನು ಸೇರಿಸಿ, ವೇದಿಕೆ ಹಾಕಿ, ದೀಪ ಹಚ್ಚಿ, ಅತಿಥಿಗಳು ಮಾತಾಡಿ ಮುಗಿಸುವ ಅರಿವು ಶಿಬಿರದಿಂದ ಈ ನೋವಿಗೆ ಏನೂ ಆಗುವುದಿಲ್ಲ. ಎಂಟರಿಂದ ಹನ್ನೆರಡು ಮಂದಿ, ಆರರಿಂದ ಹತ್ತು ವಾರ, ವಾರಕ್ಕೆ ಒಂದೂವರೆ ಎರಡು ಗಂಟೆ. ಶುರುವಿನಲ್ಲಿ ಬಂದವರೇ ಕೊನೆಯವರೆಗೂ ಇರಬೇಕು, ನಡುವೆ ಹೊಸಬರನ್ನು ಸೇರಿಸುವಂತಿಲ್ಲ. ನಡೆಸುವವರು ಫಿಸಿಯೋಥೆರಪಿಸ್ಟ್, ನರ್ಸ್ ಅಥವಾ ಆಪ್ತ ಸಮಾಲೋಚಕಿ, ಇಬ್ಬರಿದ್ದರೆ ಒಳ್ಳೆಯದು. ನಡೆಸುವವರು ಹೆಣ್ಣಾಗಿರಬೇಕು ಎಂದು ಬೇರೆ ಹೇಳಬೇಕಿಲ್ಲ.

ಉಸಿರಾಟ ಮತ್ತು ಸ್ನಾಯು ಸಡಿಲಿಕೆ ಇದರ ಬೆನ್ನೆಲುಬು. ಚಾಪೆಯ ಮೇಲೆ ಮಲಗಿ, ಮಂಡಿ ಮಡಚಿ, ಹೊಟ್ಟೆ ಮೇಲೇಳುವಂತೆ ನಿಧಾನ ಉಸಿರು ತೆಗೆದುಕೊಂಡಾಗ ಕೆಳಗಿನ ಸ್ನಾಯು ತಾನಾಗಿ ಸಡಿಲವಾಗುತ್ತದೆ. ಇಲ್ಲೊಂದು ಎಚ್ಚರಿಕೆ. ಮೊಬೈಲ್ ವಿಡಿಯೊ ನೋಡಿಕೊಂಡು ಆ ಸ್ನಾಯುವನ್ನು ಬಿಗಿ ಹಿಡಿಯುವ ಕೀಗಲ್ ವ್ಯಾಯಾಮ ಮಾಡುವವರು ಈಗ ಹೆಚ್ಚು. ಮೂತ್ರ ತಡೆಯಲಾಗದವರಿಗೆ, ಗರ್ಭಕೋಶ ಜಾರಿದವರಿಗೆ ಅದು ಸರಿ. ಸ್ನಾಯು ಮೊದಲೇ ಬಿಗಿಯಾಗಿ ನೋವು ಬರುತ್ತಿರುವವರಿಗೆ ಅದೇ ವ್ಯಾಯಾಮ ನೋವನ್ನು ಹೆಚ್ಚಿಸಬಹುದು. ಯಾರಿಗೆ ಯಾವುದು ಎಂದು ಪರೀಕ್ಷಿಸಿ ಹೇಳಬೇಕಾದವರು ಫಿಸಿಯೋಥೆರಪಿಸ್ಟ್ ಅಥವಾ ಸ್ತ್ರೀರೋಗ ತಜ್ಞರು.

ಎರಡನೆಯದು ಕೆಲಸದ ಅಳತೆ. ಹೊಗೆಸೊಪ್ಪು ನಾಟಿಗೆ ಬಗ್ಗುವುದು, ಸೊಪ್ಪು ಕಿತ್ತು ಬ್ಯಾರನ್‌ಗೆ ಹೊರುವುದು, ರಾತ್ರಿವರೆಗೆ ಕೂತು ಕಡ್ಡಿಗೆ ಕಟ್ಟುವುದು, ಪಿರಿಯಾಪಟ್ಟಣ ಎಚ್.ಡಿ.ಕೋಟೆ ಕಡೆ ಶುಂಠಿ ಕೀಳುವುದು, ಕೆ.ಆರ್.ನಗರದ ಗದ್ದೆಗಳಲ್ಲಿ ಭತ್ತದ ನಾಟಿ. ಇವೆಲ್ಲ ಸೊಂಟದ ಕೆಲಸ. ನೋವು ಕಡಿಮೆ ಇರುವ ದಿನ "ಇವತ್ತು ಚೆನ್ನಾಗಿದ್ದೀನಿ" ಅಂತ ಮೂರು ದಿನದ ಕೆಲಸ ಒಂದೇ ದಿನ ಮಾಡಿ, ಆಮೇಲೆ ಎರಡು ದಿನ ಮಲಗುವುದು ಬಹುತೇಕ ಎಲ್ಲರ ಕಥೆ. ನೋವು ಬರುವ ಮೊದಲೇ ನಿಲ್ಲಿಸುವುದು, ಅರ್ಧ ಗಂಟೆಗೊಮ್ಮೆ ಭಂಗಿ ಬದಲಿಸುವುದು, ಕೊಡ ಹೊರುವುದನ್ನು ಎರಡು ಸಲಕ್ಕೆ ಹಂಚುವುದು, ಇದನ್ನು ಗುಂಪಿನಲ್ಲಿ ಒಬ್ಬೊಬ್ಬರ ದಿನಚರಿ ಮುಂದಿಟ್ಟುಕೊಂಡು ಲೆಕ್ಕ ಹಾಕ್ತಾರೆ. ಕೂಲಿಗೆ ಹೋಗುವವರಿಗೆ ಇದು ಹೇಳಿದಷ್ಟು ಸುಲಭವಲ್ಲ, ಮೇಸ್ತ್ರಿ ಒಪ್ಪಬೇಕು. ಆದರೂ ಒಂದೇ ಗುಂಪಿನ ನಾಲ್ಕು ಜನ ಒಟ್ಟಿಗೆ ಒಂದೇ ಹೊಲಕ್ಕೆ ಹೋಗುವವರಾದರೆ ಸಾಲು ಬದಲಾಯಿಸಿಕೊಂಡು ನಿಭಾಯಿಸಬಹುದು.

ಮೂರನೆಯದು ಬರೆದಿಡುವುದು. ಡೇರಿಗೆ ಹಾಕಿದ ಹಾಲಿನ ಲೆಕ್ಕ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಯುವ ಹಾಗೆಯೇ, ನೋವು ಬಂದ ದಿನ, ಸೊನ್ನೆಯಿಂದ ಹತ್ತರವರೆಗೆ ಎಷ್ಟು ನೋವು, ಮುಟ್ಟಿನ ದಿನ, ಎಷ್ಟು ಮಾತ್ರೆ ನುಂಗಿದ್ದು, ಹೊಟ್ಟೆ ಸರಿಯಾಗಿ ಖಾಲಿ ಆಯಿತೋ ಇಲ್ಲವೋ. ಅಕ್ಷರ ಬಾರದವರು ಚುಕ್ಕೆ ಇಟ್ಟರೂ ಸಾಕು. ಎರಡು ತಿಂಗಳ ಕ್ಯಾಲೆಂಡರ್ ಹಾಳೆ ಹಿಡಿದು ಡಾಕ್ಟರ ಮುಂದೆ ಕೂತರೆ ಐದು ನಿಮಿಷದಲ್ಲಿ ಮುಗಿಯುವ ಒಪಿಡಿ ಭೇಟಿಗೂ ಒಂದು ತೂಕ ಬರುತ್ತದೆ. "ಯಾವಾಗಿಂದಮ್ಮ?" ಅಂತ ಕೇಳಿದರೆ "ಬಾಳ ದಿನದಿಂದ" ಅನ್ನುವುದಕ್ಕಿಂತ ಆ ಹಾಳೆ ಸಾವಿರ ಪಾಲು ಮೇಲು.

ಗಂಡ ಹೆಂಡತಿ ಸಂಬಂಧದ ಮಾತು ಸಾಮಾನ್ಯವಾಗಿ ನಾಲ್ಕನೇ ಐದನೇ ವಾರಕ್ಕೆ ಬರುತ್ತದೆ, ಅದಕ್ಕೆ ಮುಂಚೆ ಯಾರೂ ಬಾಯಿ ಬಿಡುವುದಿಲ್ಲ. ಸೇರುವಾಗ ನೋವು ಬರುವುದನ್ನು ಎಷ್ಟೋ ಹೆಂಗಸರು ಹೆಣ್ಣಾಗಿ ಹುಟ್ಟಿದ ಕರ್ಮ ಎಂದು ಸಹಿಸಿಕೊಂಡಿರುತ್ತಾರೆ. ಅದಕ್ಕೂ ಹೆಸರಿದೆ, ಚಿಕಿತ್ಸೆಯಿದೆ, ಬೇಡ ಅನ್ನುವ ಹಕ್ಕಿದೆ ಎಂದು ಇನ್ನೊಬ್ಬ ಹೆಂಗಸಿನ ಬಾಯಿಂದ ಕೇಳಿದಾಗ ಆಗುವ ಹಗುರ ಯಾವ ಮಾತ್ರೆಯಿಂದಲೂ ಆಗುವುದಿಲ್ಲ. ಕೆಲವು ಕಡೆ ಗಂಡಂದಿರನ್ನು ಒಂದು ದಿನ ಪ್ರತ್ಯೇಕವಾಗಿ ಕರೆಸುತ್ತಾರೆ. ಬರುವವರು ಕಡಿಮೆ. ಬಂದವರ ಮನೆಯಲ್ಲಿ ಬದಲಾವಣೆ ಬೇಗ. ಮನೆಯಲ್ಲಿ ಹೊಡೆತ, ಬಲವಂತ ಇದೆ ಎಂದು ಯಾರಾದರೂ ಹೇಳಿಕೊಂಡರೆ ಅದನ್ನು ಗುಂಪಿನಲ್ಲೇ ಬಗೆಹರಿಸಲು ಹೋಗಬಾರದು. ಮಹಿಳಾ ಸಹಾಯವಾಣಿ 181 ಇರುವುದು ಅದಕ್ಕೇ.

ಕೊನೆಯ ವಾರ ನೋವು ಉಲ್ಬಣಿಸಿದಾಗ ಏನು ಮಾಡಬೇಕು ಎಂದು ಪ್ರತಿಯೊಬ್ಬರೂ ತಮ್ಮದೇ ಪಟ್ಟಿ ಮಾಡಿಕೊಂಡು ಹೋಗುತ್ತಾರೆ: ಬಿಸಿನೀರಿನ ಚೀಲ, ಯಾವ ಭಂಗಿಯಲ್ಲಿ ಮಲಗಬೇಕು, ಯಾವ ಮಾತ್ರೆ ಎಷ್ಟು ಹೊತ್ತಿಗೊಮ್ಮೆ, ಯಾರಿಗೆ ಫೋನ್ ಮಾಡಬೇಕು.

ಇದರಿಂದ ಉಪಯೋಗ ಇದೆಯಾ?

ಹಳೆಯದಾದರೂ ಇವತ್ತಿಗೂ ಎಲ್ಲರೂ ಎತ್ತಿ ಹೇಳುವ ಒಂದು ಅಧ್ಯಯನ ನೆದರ್‌ಲೆಂಡ್ಸ್‌ನದು, 1991ರಲ್ಲಿ ಪ್ರಕಟವಾದದ್ದು. ದೀರ್ಘಕಾಲದ ಕಿಬ್ಬೊಟ್ಟೆ ನೋವಿನ 106 ಹೆಂಗಸರನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ರೂಢಿಯ ದಾರಿ: ಮೊದಲು ದೇಹದ ಕಾರಣ ಹುಡುಕು, ದುರ್ಬೀನು ಹಾಕಿ ನೋಡು, ಏನೂ ಸಿಗದಿದ್ದರೆ ಮಾತ್ರ ಉಳಿದದ್ದು. ಇನ್ನೊಂದು ಪಾಲಿಗೆ ಮೊದಲ ದಿನದಿಂದಲೇ ದೇಹ, ಮನಸ್ಸು, ಊಟ, ಫಿಸಿಯೋಥೆರಪಿ ಎಲ್ಲವನ್ನೂ ಒಟ್ಟಿಗೆ ನೋಡಿದರು. ಒಂದು ವರ್ಷದ ನಂತರ ಎರಡನೇ ಪಾಲಿನವರೇ ಹೆಚ್ಚು ಸುಧಾರಿಸಿದ್ದರು. ಆ ಅಧ್ಯಯನ ಗುಂಪಿನದಲ್ಲ, ಒಟ್ಟಿಗೆ ನೋಡುವ ಕ್ರಮದ್ದು. ಗುಂಪು ಕಾರ್ಯಕ್ರಮಗಳು ನಿಂತಿರುವುದು ಅದೇ ಕ್ರಮದ ಮೇಲೆ.

ಹಳ್ಳಿಯ ಹೆಂಗಸರ ಗುಂಪುಗಳಿಂದ ಆರೋಗ್ಯ ಸುಧಾರಿಸುತ್ತದೆಯೇ ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿ ಇದೆ. ಜಾರ್ಖಂಡ್ ಮತ್ತು ಒಡಿಶಾದ ಬುಡಕಟ್ಟು ಪ್ರದೇಶಗಳಲ್ಲಿ ಏಕಜುಟ್ ಸಂಸ್ಥೆ ತಿಂಗಳಿಗೊಮ್ಮೆ ಹೆಂಗಸರ ಸಭೆ ನಡೆಸಿತು. ನಡೆಸಿದವರು ಡಾಕ್ಟರಲ್ಲ, ತರಬೇತಿ ಪಡೆದ ಊರ ಹೆಣ್ಣುಮಕ್ಕಳು. ಆ ಊರುಗಳಲ್ಲಿ ನವಜಾತ ಶಿಶು ಮರಣ ಶೇ 32ರಷ್ಟು ಕಡಿಮೆ ಇತ್ತು ಎಂದು 2010ರಲ್ಲಿ ವರದಿಯಾಯಿತು. ನಮ್ಮ ರಾಜ್ಯದ ರಾಮನಗರ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಖಿನ್ನತೆಯ ಜೊತೆಗೆ ಬಿಪಿ, ಶುಗರ್ ಇರುವವರಿಗೆ ಇಂಥದೇ ಗುಂಪು ಸಭೆಗಳನ್ನು ನಡೆಸಿದ್ದಾರೆ.

ಎಲ್ಲ ಕಡೆ ಗೆಲುವೇ ಅಲ್ಲ. ಗುಜರಾತಿನ ಅಹಮದಾಬಾದ್ ಕಡೆ ಸೇವಾ ಸಂಘಟನೆಯ ಕಾರ್ಯಕರ್ತೆಯರು ಹೆಂಗಸರನ್ನು ಸೇರಿಸಿ ಗರ್ಭಕೋಶದ ಆಪರೇಷನ್ ಸೇರಿದಂತೆ ಕೆಲವು ವಿಷಯಗಳ ಬಗ್ಗೆ ತಿಳಿವಳಿಕೆ ನೀಡಿದರು, ಆದರೆ ಆಪರೇಷನ್ ಸಂಖ್ಯೆ ತಗ್ಗಲಿಲ್ಲ. ಬರೀ ತಿಳಿವಳಿಕೆ ಕೊಟ್ಟು, ನೋವು ಬಂದ ದಿನ ಹೋಗಲು ಬೇರೆ ಜಾಗವಿಲ್ಲದಿದ್ದರೆ ಹೆಂಗಸರು ಹಳೆಯ ದಾರಿಯನ್ನೇ ಹಿಡಿಯುತ್ತಾರೆ. ಗುಂಪಿನ ಜೊತೆಗೆ ಪರೀಕ್ಷೆ, ಔಷಧಿ, ಫಿಸಿಯೋಥೆರಪಿ ಮೂರೂ ಇರಬೇಕು ಅನ್ನುವುದು ಅದಕ್ಕೇ.

ಗರ್ಭಕೋಶ ತೆಗೆಸುವ ಮೊದಲು

ಈ ವಿಷಯದಲ್ಲಿ ಪಣಕ್ಕಿರುವುದು ದೊಡ್ಡದು. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಂತಾನಹರಣ ಚಿಕಿತ್ಸೆ ಆಗಿರುತ್ತದೆ, ಅದೂ ಎಳೆ ವಯಸ್ಸಿನಲ್ಲಿ. "ಮಕ್ಕಳಾದ್ವಲ್ಲ, ಇನ್ನು ಆ ಚೀಲ ಇಟ್ಕೊಂಡು ಏನ್ ಮಾಡ್ಬೇಕು, ತೆಗ್ಸಿಬುಡು" ಎಂಬ ಮಾತು ಹುಟ್ಟುವುದು ಅಲ್ಲಿಂದ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ 3 ಮಂದಿಗೆ ಗರ್ಭಕೋಶ ತೆಗೆಯಲಾಗಿದೆ. ಹೆಚ್ಚಿನ ಪಾಲು ನಡೆದಿರುವುದು ಖಾಸಗಿ ಆಸ್ಪತ್ರೆಗಳಲ್ಲಿ.

ನಮ್ಮ ರಾಜ್ಯದಲ್ಲಿ ಇದು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದು ಕಲಬುರಗಿ ಜಿಲ್ಲೆಯಲ್ಲಿ 2015ರ ಸುಮಾರಿಗೆ ಬಯಲಾಯಿತು. ಹೊಟ್ಟೆನೋವು, ಬಿಳಿ ಸೆರಗು ಎಂದು ಹೋದ ಲಂಬಾಣಿ ಮತ್ತು ದಲಿತ ಹೆಂಗಸರ ಗರ್ಭಕೋಶಗಳನ್ನು ಚಿಕ್ಕ ವಯಸ್ಸಿನಲ್ಲೇ ತೆಗೆದ ದೂರುಗಳ ಬಗ್ಗೆ ತನಿಖೆ ನಡೆಯಿತು. 2017ರಲ್ಲಿ ಆ ಹೆಂಗಸರು ಕಲಬುರಗಿಯಲ್ಲಿ ಬೀದಿಗಿಳಿದು ಪ್ರತಿಭಟಿಸಿದರು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನದ ಇಂಥದೇ ಪ್ರಕರಣಗಳ ಬಗ್ಗೆ ಡಾ. ನರೇಂದ್ರ ಗುಪ್ತಾ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ತೀರ್ಪು ಕೊಟ್ಟಿತು. ಅನಗತ್ಯ ಗರ್ಭಕೋಶ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕು ಎಂದಿತು. ಆ ಮಾರ್ಗಸೂಚಿಯಲ್ಲಿ ರಾಷ್ಟ್ರ, ರಾಜ್ಯ, ಜಿಲ್ಲೆ ಮೂರೂ ಮಟ್ಟದಲ್ಲಿ ಉಸ್ತುವಾರಿ ಸಮಿತಿಗಳಿವೆ.

ಆಪರೇಷನ್ ಯಾವಾಗಲೂ ತಪ್ಪು ಎಂದೂ ಅಲ್ಲ. ಕ್ಯಾನ್ಸರ್, ನಿಲ್ಲದ ರಕ್ತಸ್ರಾವ, ದೊಡ್ಡ ಗಡ್ಡೆ ಇದ್ದರೆ ಅದೇ ಸರಿ. ಅಡಿನೋಮಯೋಸಿಸ್ ಇರುವ ಕೆಲವರಿಗೆ ನೋವಿನಿಂದ ಬಿಡುಗಡೆ ಸಿಗುವುದೂ ಅದರಿಂದಲೇ. ಅಮೆರಿಕದಲ್ಲಿ 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೋವಿಗಾಗಿ ಗರ್ಭಕೋಶ ತೆಗೆಸಿದ ನಾಲ್ವರಲ್ಲಿ ಸುಮಾರು ಮೂವರಿಗೆ ಒಂದು ವರ್ಷದ ನಂತರ ನೋವು ಪೂರ್ತಿ ಹೋಗಿತ್ತು. ಉಳಿದ ಒಬ್ಬರಿಗೆ ಗರ್ಭಕೋಶವೂ ಹೋಯಿತು, ನೋವೂ ಉಳಿಯಿತು. ನೋವಿನ ಮೂಲ ಸ್ನಾಯುವಿನಲ್ಲೋ ಮೂತ್ರಚೀಲದಲ್ಲೋ ಇದ್ದರೆ ಗರ್ಭಕೋಶ ತೆಗೆದು ಪ್ರಯೋಜನವಿಲ್ಲ. ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಅಂಡಾಶಯವನ್ನೂ ತೆಗೆದರೆ ಮೂಳೆ ಸವೆತ, ಹೃದಯದ ಕಾಯಿಲೆಯ ಅಪಾಯ ಹೆಚ್ಚು.

ಸಹಿ ಹಾಕುವ ಮೊದಲು ಡಾಕ್ಟರನ್ನು ಕೇಳಬೇಕಾದ್ದು ಇಷ್ಟು: ಯಾವ ಕಾಯಿಲೆಗೆ ತೆಗೆಯುತ್ತಿದ್ದೀರಿ? ಹಾರ್ಮೋನ್ ಮಾತ್ರೆ, ಹಾರ್ಮೋನ್ ಇರುವ ಕಾಪರ್‌-ಟಿ ಥರದ ಸಾಧನ ಪ್ರಯತ್ನಿಸಿದ್ದೀವಾ? ಅಂಡಾಶಯ ಉಳಿಯುತ್ತಾ? ನೋವು ಹೋಗುತ್ತೆ ಅನ್ನುವ ಖಾತರಿ ಎಷ್ಟು? ಉತ್ತರ ಸಮಾಧಾನ ತರದಿದ್ದರೆ ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯ ಪಡೆಯಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಟಿಕೆಟ್ ದುಡ್ಡಿಲ್ಲ. ಆದರೂ ಒಂದು ದಿನದ ಕೂಲಿ ಹೋಗುತ್ತದೆ ಎಂಬುದು ನಿಜ. ಹಳೆಯ ರಿಪೋರ್ಟ್‌ಗಳನ್ನೆಲ್ಲ ಒಂದೇ ಕವರಿನಲ್ಲಿ ಇಟ್ಟುಕೊಂಡು ಬೆಳಗಿನ ಬಸ್ಸಿಗೇ ಹೋದರೆ ಎರಡನೇ ದಿನ ಅಲೆಯುವುದು ತಪ್ಪೀತು.

ಗುಂಪಿಗಲ್ಲ, ನೇರ ಆಸ್ಪತ್ರೆಗೇ ಹೋಗಬೇಕಾದ ಲಕ್ಷಣಗಳೂ ಇವೆ. ಮುಟ್ಟು ತಪ್ಪಿ ಒಮ್ಮೆಲೇ ವಿಪರೀತ ನೋವು ಬಂದರೆ, ತಲೆ ಸುತ್ತಿದರೆ ಕಾಯಬಾರದು. ಗರ್ಭ ನಾಳದಲ್ಲಿ ನಿಂತಿರಬಹುದು, 108ಕ್ಕೆ ಕರೆ ಮಾಡಬೇಕು. ಜ್ವರದ ಜೊತೆ ನೋವು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ, ಸೇರಿದ ನಂತರ ರಕ್ತ, ಮೂತ್ರ ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಹೊಟ್ಟೆ ಊದುವುದು, ಇವನ್ನು ಕಂಡರೂ ಮೊದಲು ಪರೀಕ್ಷೆ ಆಗಬೇಕು.

ನಮ್ಮಲ್ಲಿ ಏನೇನಿದೆ?

ನಾಲ್ಕೂ ಊರುಗಳಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಹಳ್ಳಿ ಮಟ್ಟದಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ, ಯೋಗ ತರಗತಿ ನಡೆಸುವುದು ಆ ಕೇಂದ್ರಗಳ ಕೆಲಸದಲ್ಲೇ ಸೇರಿದೆ. ಆಶಾ ಕಾರ್ಯಕರ್ತೆಗೆ ಊರಿನ ಪ್ರತಿ ಮನೆಯೂ ಗೊತ್ತು. ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು 2014ರಿಂದ ಇದೆ. ನಿದ್ದೆ ಬಾರದೆ, ಬದುಕು ಸಾಕೆನ್ನಿಸುವವರು ಹಗಲು ರಾತ್ರಿ ಯಾವಾಗ ಬೇಕಾದರೂ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಎಚ್.ಡಿ.ಕೋಟೆ, ಸರಗೂರು ಕಡೆಯವರಿಗೆ 1984ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನ ಸರಗೂರು ಆಸ್ಪತ್ರೆ ಹತ್ತಿರ.

ಖರ್ಚು ದೊಡ್ಡದಲ್ಲ. ಹತ್ತು ಚಾಪೆ, ಒಂದು ಬಾಗಿಲು ಹಾಕಿಕೊಳ್ಳುವ ಕೋಣೆ, ಟೀ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ ಎಂದು ನಿಯಮದಲ್ಲಿದೆ. ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆಯರು ಇರುವ ಸಮಿತಿ ಅದು. ಅಲ್ಲಿ ಕೇಳಬೇಕು.

ಸಾಲದ ಸಂಘದಲ್ಲೇ ಮಾಡಿದರೆ ಆಗದೇ?

ಸ್ತ್ರೀಶಕ್ತಿ ಸಂಘ, ಸಂಜೀವಿನಿ ಒಕ್ಕೂಟ, ಧರ್ಮಸ್ಥಳ ಸಂಘ ಇಲ್ಲದ ಊರೇ ನಮ್ಮಲ್ಲಿ ಇಲ್ಲ. ವಾರ ವಾರ ಸೇರುವ ಅಭ್ಯಾಸ ಹೆಂಗಸರಿಗೆ ಆಗಲೇ ಇದೆ, ಆ ಸಭೆಯಲ್ಲೇ ಇದನ್ನೂ ಮುಗಿಸೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ಬೇಡ. ಸಾಲದ ಸಂಘದಲ್ಲಿ ಅತ್ತೆ, ಓರಗಿತ್ತಿ, ಪಕ್ಕದ ಮನೆಯವರು ಎಲ್ಲ ಇರ್ತಾರೆ. ಕಂತು ಕಟ್ಟದವರನ್ನು ಎಲ್ಲರೆದುರು ಕೇಳುವ ಜಾಗದಲ್ಲಿ ಮೈಯ ಗುಟ್ಟು ಹೇಳಿಕೊಳ್ಳುವುದು ಯಾರಿಂದಾಗುತ್ತೆ? ಸಂಘದ ಸಭೆಯಲ್ಲಿ ವಿಷಯ ತಿಳಿಸಿ, ಆಸಕ್ತಿ ಇದ್ದವರು ಆಶಾ ಕಾರ್ಯಕರ್ತೆಗೆ ಗುಟ್ಟಾಗಿ ಹೆಸರು ಕೊಡಲಿ. ಮೂರು ನಾಲ್ಕು ಊರಿನವರನ್ನು ಬೆರೆಸಿ ಹೋಬಳಿ ಕೇಂದ್ರದಲ್ಲಿ ಗುಂಪು ಮಾಡಿದರೆ ಮಾತು ಹೊರಗೆ ಹೋಗುವ ಭಯ ಕಡಿಮೆ. ಹಾಡಿಗಳಲ್ಲಿ ಮಾತ್ರ ತಿರುಗಾಮುರುಗಾ. ಜೇನು ಕುರುಬ, ಬೆಟ್ಟ ಕುರುಬ, ಯರವ ಹೆಂಗಸರು ಪಟ್ಟಣದ ಕೋಣೆಯಲ್ಲಿ ಬಾಯಿ ಬಿಡುವುದಿಲ್ಲ. ಅಲ್ಲಿ ಹಾಡಿಯಲ್ಲೇ, ಅವರ ಮಾತು ಬಲ್ಲವರೇ ನಡೆಸಬೇಕು.

ಹೆಂಗಸರು ಸುಮ್ಮನೆ ಕೂತು ತಮ್ಮ ಮಾತು ಆಡುವ ಸಂಘಗಳು ಈ ಜಿಲ್ಲೆಗೆ ಹೊಸದೇನಲ್ಲ. 1989ರಲ್ಲಿ ಮಹಿಳಾ ಸಮಾಖ್ಯ ಕರ್ನಾಟಕದಲ್ಲಿ ಶುರುವಾದಾಗ ಮೊದಲ ಜಿಲ್ಲೆಗಳಲ್ಲಿ ಬೀದರ್, ಬಿಜಾಪುರದ ಜೊತೆ ಮೈಸೂರೂ ಇತ್ತು. ಆ ಸಂಘಗಳು ಸಾಲ ಕೊಡಲು ಹುಟ್ಟಿದವಲ್ಲ. ಆಗಿನ ಸಂಘದ ಹಿರಿಯ ಹೆಂಗಸರು ಊರಲ್ಲಿದ್ದರೆ ಅವರನ್ನು ಹುಡುಕಿ ಕರೆಯುವುದು ಒಳ್ಳೆಯದು.

ಅಂಗಡಿಯವರಿಗೆ ನಾಲ್ಕು ಮಾತು

ಮೆಡಿಕಲ್ ಸ್ಟೋರ್‌ನವರು ಮೆಫೆನಮಿಕ್ ಆಸಿಡ್ ಇರುವ ಮಾತ್ರೆಯನ್ನು ಚೀಟಿಯಿಲ್ಲದೆ ಕೊಡುವುದು ಮಾಮೂಲಾಗಿದೆ. ಅಪರೂಪವಾದರೂ ಮೈಯೆಲ್ಲ ಗುಳ್ಳೆ ಎದ್ದು, ಜ್ವರ ಬಂದು, ಒಳ ಅಂಗಗಳಿಗೂ ಪೆಟ್ಟಾಗುವ ಅಲರ್ಜಿ ಇದರಿಂದ ಬರಬಹುದು ಎಂದು ಭಾರತೀಯ ಔಷಧ ಸಂಹಿತೆ ಆಯೋಗ 2023ರ ನವೆಂಬರ್ ಕೊನೆಯಲ್ಲಿ ಎಚ್ಚರಿಸಿದೆ. ಖಾಲಿ ಹೊಟ್ಟೆಯಲ್ಲಿ ದಿನಾ ನುಂಗಿದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಬೇರೆ. ಮೂರನೇ ತಿಂಗಳೂ ಅದೇ ಮಾತ್ರೆಗೆ ಬಂದವರಿಗೆ "ಅಕ್ಕ, ಒಂದ್ಸಲ ತಾಲ್ಲೂಕು ಆಸ್ಪತ್ರೆಗೆ ತೋರಿಸಿ" ಎಂದು ಹೇಳಿದರೆ ಗಿರಾಕಿ ತಪ್ಪಿಹೋಗುವುದಿಲ್ಲ.

ಬಟ್ಟೆ ಅಂಗಡಿ, ಬೇಕರಿ, ಸೂಪರ್ ಮಾರ್ಕೆಟ್‌ನವರದು ಬೇರೆ ಲೆಕ್ಕ. ಬೆಳಗಿಂದ ರಾತ್ರಿವರೆಗೆ ನಿಂತೇ ಇರುವ, ಶೌಚಾಲಯವಿಲ್ಲದೆ ನೀರನ್ನೇ ಕುಡಿಯದ ಹೆಣ್ಣುಮಕ್ಕಳಿಗೆ ಮೂತ್ರಚೀಲದ ನೋವು, ಮಲಬದ್ಧತೆ ಎರಡೂ ಹೆಚ್ಚುತ್ತವೆ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರಲು ಆಸನ ಕೊಡಬೇಕೆಂದು ಕಾನೂನು ತಿದ್ದಿವೆ. ನಮ್ಮಲ್ಲಿ 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ನೀತಿಗೆ ಒಪ್ಪಿಗೆ ಕೊಟ್ಟಿದೆ. ರಜೆಯ ಮಾತು ಹಾಗಿರಲಿ, ಕೌಂಟರ್ ಹಿಂದೆ ಒಂದು ಸ್ಟೂಲು, ಬೀಗ ಹಾಕದ ಒಂದು ಶೌಚಾಲಯಕ್ಕೆ ಯಾವ ಕಾನೂನೂ ಬೇಕಿಲ್ಲ.

ಯಾವಾಗ ಶುರು ಮಾಡಬೇಕು?

ಹೊಗೆಸೊಪ್ಪಿನ ಊರುಗಳಲ್ಲಿ ಮೇ ತಿಂಗಳಿನಿಂದ ಸೊಪ್ಪು ಬೇಯಿಸಿ ಮುಗಿಯುವವರೆಗೆ ಗುಂಪು ಕರೆದರೆ ಯಾರೂ ಬರುವುದಿಲ್ಲ. ಭತ್ತದ ಊರುಗಳಲ್ಲಿ ನಾಟಿ, ಕುಯ್ಲಿನ ವಾರಗಳನ್ನು ಬಿಡಬೇಕು. ಸಂಕ್ರಾಂತಿ ಕಳೆದ ಮೇಲೆ ಯುಗಾದಿಯೊಳಗೆ ಎಂಟು ವಾರ ಸಲೀಸಾಗಿ ಸಿಗುತ್ತದೆ. ಊರಿನ ಸಂತೆಯ ದಿನ ಬಿಡಬೇಕು, ಸಂಘದ ಕಂತಿನ ದಿನವೂ ಬೇಡ. ಬೆಳಗ್ಗೆ ಹಾಲು ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ಅಡುಗೆ ಮುಗಿಸಿ ಬರುವವರಿಗೆ ಹನ್ನೊಂದು ಗಂಟೆ ಅನುಕೂಲ. ಒಂದು ಗಂಟೆಗೆ ಮುಗಿಸಿದರೆ ಮಧ್ಯಾಹ್ನದ ಬಸ್ಸು ಸಿಗುತ್ತದೆ, ಸಂಜೆ ಹಾಲು ಕರೆಯುವ ಹೊತ್ತಿಗೆ ಎಲ್ಲರೂ ಮನೆ ಸೇರಬಹುದು.